ಹೆಸರು ಹೇಳದಿದ್ದರೆ ಮಾರ್ಕ್ಸ್ ಎಲ್ಲರಿಗೂ ಇಷ್ಟ

ಹೋದ ಸಂಚಿಕೆಯಲ್ಲಿ ಮೇ ದಿನದ ಬಗ್ಗೆ ಒಂದು ಬರಹ ಹಾಕಿದ್ದೇ ತಡ, ಪತ್ರಗಳು ಶುರುವಾದವು. ಬರೀ ಬೈದಿದ್ದವನ್ನು ಪಕ್ಕಕ್ಕಿಟ್ಟಿದ್ದೇವೆ. ಒಂದೇ ಪ್ರಶ್ನೆಯನ್ನು ನಾಲ್ಕು ಥರ ಕೇಳಿದವರನ್ನು ಒಂದು ಮಾಡಿದ್ದೇವೆ. ಹೆಚ್ಚಿನವರು ಕೇಳಿದ್ದು ಘೋಷಣೆಗಳ ಬಗ್ಗೆಯೇ ಆದ್ದರಿಂದ ಈ ಸಲದ ಅಂಕಣ ಪೂರ್ತಿ ಅದಕ್ಕೇ.

ಪ್ರಶ್ನೆ: ನಮ್ಮ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಂದು ಮೆಸೇಜು ಓಡಾಡುತ್ತಿದೆ. ಅಮೆರಿಕದ ಅರ್ಧ ಜನ ಕಾರ್ಲ್ ಮಾರ್ಕ್ಸ್‌ನ ಮಾತನ್ನು ತಮ್ಮ ಸಂವಿಧಾನದ ಮಾತು ಅಂದುಕೊಂಡಿದ್ದಾರಂತೆ. ನಿಜವಾ, ಇಲ್ಲಾ ಇದೂ ಒಂದು ಫಾರ್ವರ್ಡಾ?
(ಹಾಸನದ ಓದುಗರು)

ಉತ್ತರ: ನಿಜ. ಆದರೆ ಈಗಿನದಲ್ಲ, ಹಳೇ ಸುದ್ದಿ. 1987ರಲ್ಲಿ ಅಮೆರಿಕದ ಸಂವಿಧಾನಕ್ಕೆ 200 ವರ್ಷ ತುಂಬಿತು. ಆಗ ಪತ್ರಿಕಾ ಉದ್ಯಮದ ಹರ್ಸ್ಟ್ ಸಂಸ್ಥೆ, ಜನರಿಗೆ ತಮ್ಮ ಸಂವಿಧಾನ ಎಷ್ಟು ಗೊತ್ತಿದೆ ನೋಡೋಣ ಅಂತ ಒಂದು ಸಮೀಕ್ಷೆ ಮಾಡಿಸಿತು. ಅದರಲ್ಲಿ ಈ ಸಾಲೂ ಇತ್ತು: ‘ಪ್ರತಿಯೊಬ್ಬರಿಂದ ಅವರ ಶಕ್ತಿಗೆ ತಕ್ಕಂತೆ, ಪ್ರತಿಯೊಬ್ಬರಿಗೆ ಅವರ ಅಗತ್ಯಕ್ಕೆ ತಕ್ಕಂತೆ.’ ಇದು ನಮ್ಮ ಸಂವಿಧಾನದಲ್ಲಿದೆಯಾ ಅಂತ ಕೇಳಿದ್ದಕ್ಕೆ 100ಕ್ಕೆ 45 ಜನ ‘ಇದೆ’ ಅಂದರು. ಅದೂ ಯಾವಾಗ? ರೇಗನ್ ಅಧ್ಯಕ್ಷರಾಗಿದ್ದಾಗ, ಸೋವಿಯತ್ ಒಕ್ಕೂಟವನ್ನು ಅವರು ‘ದುಷ್ಟ ಸಾಮ್ರಾಜ್ಯ’ ಅಂತ ಕರೆದು ನಾಲ್ಕು ವರ್ಷ ಕಳೆದಿದ್ದಾಗ. 2002ರಲ್ಲಿ ಕೊಲಂಬಿಯಾ ಕಾನೂನು ಶಾಲೆಯ ಸಮೀಕ್ಷೆಯಲ್ಲೂ ಇದನ್ನೇ ಕೇಳಿದರು. ಆಗಲೂ ಮೂರರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ ಜನ ‘ಇದೆ’ ಅಂದರು, ಹೆಚ್ಚುಕಮ್ಮಿ ಅಷ್ಟೇ ಜನ ‘ಗೊತ್ತಿಲ್ಲ’ ಅಂದರು.

ಇದನ್ನು ಓದಿ ನಗುವುದು ಸುಲಭ. ನಮ್ಮ ಸಂವಿಧಾನದ ಬಗ್ಗೆ ಇಂಥದ್ದೇ ಸಮೀಕ್ಷೆ ನಮ್ಮ ಬೀದಿಯಲ್ಲಿ ಮಾಡಿದರೆ ಗೊತ್ತಾಗುತ್ತದೆ, ಯಾರು ಯಾರನ್ನು ನೋಡಿ ನಗಬೇಕು ಅಂತ. ಇಲ್ಲಿ ಗಮನಿಸಬೇಕಾದ ವಿಷಯ ಬೇರೆ. ಹೌದು ಅಂದವರೆಲ್ಲ ಮಾರ್ಕ್ಸ್‌ನನ್ನು ಒಪ್ಪಿದರು ಅಂತಲ್ಲ, ಅವರು ಊಹೆ ಮಾಡಿದರು ಅಷ್ಟೆ. ಆದರೆ ಊಹೆ ಮಾಡುವಾಗ ಮನುಷ್ಯ ಏನು ಮಾಡುತ್ತಾನೆ? ಒಳ್ಳೆಯ ಸಂವಿಧಾನ ಅಂದರೆ ಅದರಲ್ಲಿ ಇಂಥ ಮಾತು ಇರಬಹುದು ಅಂತ ಅನ್ನಿಸಿದ್ದನ್ನು ಹೇಳುತ್ತಾನೆ. ಆ ಸಾಲು ಅವರಿಗೆ ಅಪಾಯದ ಮಾತಾಗಿ ಕೇಳಿಸಲಿಲ್ಲ, ನ್ಯಾಯದ ಮಾತಾಗಿ ಕೇಳಿಸಿತು. ಅದೇ ಸಾಲಿನ ಕೆಳಗೆ ‘ಕಾರ್ಲ್ ಮಾರ್ಕ್ಸ್’ ಅಂತ ಬರೆದು ಒಪ್ಪುತ್ತೀರಾ ಅಂತ ಕೇಳಿದ್ದರೆ, ಎಷ್ಟು ಜನ ಕೈ ಎತ್ತುತ್ತಿದ್ದರು ಅಂತ ನೀವೇ ಯೋಚಿಸಿ.

ಪ್ರಶ್ನೆ: ಹಾಗಾದರೆ ಅಮೆರಿಕದವರಿಗೆ ಸಮಾಜವಾದ ಒಳಗೊಳಗೇ ಇಷ್ಟ, ಹೆಸರು ಮಾತ್ರ ಬೇಡ ಅಂತೀರಾ?
(ಮಂಗಳೂರಿನ ಓದುಗರು)

ಉತ್ತರ: ನಾವು ಅಂದಿದ್ದಲ್ಲ, ಅಲ್ಲಿಯವನೇ ಒಬ್ಬ ಅಂದಿದ್ದಾನೆ. ಅಪ್ಟನ್ ಸಿಂಕ್ಲೇರ್ ಅಂತ ಒಬ್ಬ ಲೇಖಕ, ಕ್ಯಾಲಿಫೋರ್ನಿಯಾದವನು, ಸಮಾಜವಾದಿ ಪಕ್ಷದಿಂದ ಚುನಾವಣೆಗೆ ನಿಂತು ನಿಂತು ಸೋತವನು. 1934ರಲ್ಲಿ, ಕೆಲಸವಿಲ್ಲದೆ ಜನ ಬೀದಿಗೆ ಬಿದ್ದಿದ್ದ ಹೊತ್ತಿನಲ್ಲಿ, ಪಕ್ಷ ಬದಲಿಸಿ ಡೆಮಾಕ್ರಟ್ ಆಗಿ ಗವರ್ನರ್ ಸ್ಥಾನಕ್ಕೆ ನಿಂತ. ಘೋಷಣೆ: ‘ಕ್ಯಾಲಿಫೋರ್ನಿಯಾದ ಬಡತನ ಕೊನೆಗಾಣಿಸಿ.’ ಮುಚ್ಚಿದ ಕಾರ್ಖಾನೆ, ಪಾಳು ಬಿದ್ದ ಹೊಲಗಳನ್ನು ಸರ್ಕಾರ ತೆಗೆದುಕೊಂಡು ಕೆಲಸವಿಲ್ಲದವರ ಕೈಗೆ ಕೊಡಬೇಕು ಅನ್ನುವುದು ಅವನ ಯೋಜನೆ. ಅಪ್ಪಟ ಸಮಾಜವಾದವೇ, ಬೋರ್ಡು ಮಾತ್ರ ಬೇರೆ. ಈ ಸಲವೂ ಸೋತ, ಆದರೆ ವೋಟು ರಾಶಿ ಬಿತ್ತು. 1951ರಲ್ಲಿ ಸಮಾಜವಾದಿ ನಾಯಕ ನಾರ್ಮನ್ ಥಾಮಸ್‌ಗೆ ಅವನು ಬರೆದ ಪತ್ರದಲ್ಲಿ ಲೆಕ್ಕ ಕೊಟ್ಟಿದ್ದಾನೆ: ಸಮಾಜವಾದಿ ಚೀಟಿ ಹಿಡಿದು ನಿಂತಾಗ 60,000 ವೋಟು, ಬಡತನ ಕೊನೆಗಾಣಿಸಿ ಅಂದಾಗ 8,79,000. ಅಮೆರಿಕದವರು ಸಮಾಜವಾದ ತೆಗೆದುಕೊಳ್ಳುತ್ತಾರೆ, ಅದರ ಲೇಬಲ್ ತೆಗೆದುಕೊಳ್ಳುವುದಿಲ್ಲ ಅಂತ ಅದೇ ಪತ್ರದಲ್ಲಿದೆ.

ಅವನ ಲೆಕ್ಕವನ್ನು ಪೂರ್ತಿ ನಂಬಬೇಕಿಲ್ಲ. ದೊಡ್ಡ ಪಕ್ಷದ ಚೀಟಿಗೆ ಅಭ್ಯಾಸದಿಂದ ಬೀಳುವ ವೋಟು ಇರುತ್ತದಲ್ಲ, ಅದೂ ಇದರಲ್ಲಿ ಸೇರಿದೆ. ಲೇಬಲ್ ಇದ್ದೂ ವೋಟು ಬಿದ್ದ ಕಾಲವೂ ಇತ್ತು. 1912ರಲ್ಲಿ ಯೂಜೀನ್ ಡೆಬ್ಸ್ ಸಮಾಜವಾದಿ ಅಂತ ಹೆಸರು ಹೇಳಿಕೊಂಡೇ ಅಧ್ಯಕ್ಷ ಸ್ಥಾನಕ್ಕೆ ನಿಂತು 9 ಲಕ್ಷ ವೋಟು ತಗೊಂಡ. 1920ರಲ್ಲಿ ಯುದ್ಧದ ವಿರುದ್ಧ ಮಾತಾಡಿದ್ದಕ್ಕೆ ಅಟ್ಲಾಂಟಾ ಜೈಲಿನಲ್ಲಿದ್ದ, ಅಲ್ಲಿಂದಲೇ ನಿಂತು ಮತ್ತೆ 9 ಲಕ್ಷ ದಾಟಿದ.

ಇನ್ನೂ ಒಂದು ಇದೆ. ಅಮೆರಿಕದ ಶಾಲೆಗಳಲ್ಲಿ ಮಕ್ಕಳು ಬೆಳಗ್ಗೆ ಎದೆಯ ಮೇಲೆ ಕೈಯಿಟ್ಟು ಧ್ವಜಕ್ಕೆ ನಿಷ್ಠೆಯ ಪ್ರತಿಜ್ಞೆ ಹೇಳುತ್ತಾರೆ. ನಮ್ಮವರು ಅಲ್ಲಿ ಡಲ್ಲಾಸ್, ನ್ಯೂಜೆರ್ಸಿ ಅಂತ ನೆಲೆಸಿದ್ದಾರಲ್ಲ, ಅವರ ಮಕ್ಕಳಿಗೂ ಇದು ಬಾಯಿಪಾಠ. ಅದನ್ನು 1892ರಲ್ಲಿ ಬರೆದವನು ಫ್ರಾನ್ಸಿಸ್ ಬೆಲ್ಲಮಿ, ಒಬ್ಬ ಬ್ಯಾಪ್ಟಿಸ್ಟ್ ಪಾದ್ರಿ, ತನ್ನನ್ನು ಕ್ರೈಸ್ತ ಸಮಾಜವಾದಿ ಅಂತ ಕರೆದುಕೊಂಡವನು. 1954ರಲ್ಲಿ, ಕಮ್ಯುನಿಸ್ಟರ ಭಯ ತಾರಕಕ್ಕೇರಿದ್ದಾಗ, ನಾವು ದೇವರಿಲ್ಲದ ರಷ್ಯನ್ನರಂತಲ್ಲ ಅಂತ ತೋರಿಸಲು ಅಲ್ಲಿನ ಸಂಸತ್ತು ಆ ಪ್ರತಿಜ್ಞೆಗೆ ದೇವರ ಹೆಸರು ಸೇರಿಸಿತು. ಮೂಲ ಬರೆದವನು ಯಾರು ಅಂತ ಆಗ ಎಷ್ಟು ಜನರಿಗೆ ನೆನಪಿತ್ತೋ!

ಪ್ರಶ್ನೆ: ‘ಶಕ್ತಿಗೆ ತಕ್ಕಂತೆ, ಅಗತ್ಯಕ್ಕೆ ತಕ್ಕಂತೆ’ ಅನ್ನುವುದನ್ನು ಮಾರ್ಕ್ಸ್‌ನೇ ಬರೆದನಾ? ನಮ್ಮ ಮೇಷ್ಟ್ರು ಅದು ಬೈಬಲ್ಲಿನದು ಅಂತಾರೆ.
(ಶಿವಮೊಗ್ಗದ ಕಾಲೇಜು ವಿದ್ಯಾರ್ಥಿನಿ)

ಉತ್ತರ: ನಿಮ್ಮ ಮೇಷ್ಟ್ರು ಹೇಳಿದ್ದರಲ್ಲಿ ತುಂಬಾ ಸತ್ಯ ಇದೆ. ಬೈಬಲ್ಲಿನ ಹೊಸ ಒಡಂಬಡಿಕೆಯಲ್ಲಿ ‘ಅಪೊಸ್ತಲರ ಕೃತ್ಯಗಳು’ ಅಂತ ಒಂದು ಭಾಗ. ಅದರ ನಾಲ್ಕನೇ ಅಧ್ಯಾಯದಲ್ಲಿ ಯೆರೂಸಲೇಮಿನ ಮೊದಮೊದಲ ಕ್ರೈಸ್ತರ ಬದುಕು ಬರುತ್ತದೆ. ಹೊಲ, ಮನೆ ಇದ್ದವರು ಮಾರಿ ಹಣ ತಂದು ಅಪೊಸ್ತಲರ, ಅಂದರೆ ಯೇಸುವಿನ ಮುಖ್ಯ ಶಿಷ್ಯರ, ಪಾದದ ಹತ್ತಿರ ಇಡುತ್ತಿದ್ದರು, ಅದನ್ನು ಅವರವರ ಅಗತ್ಯ ನೋಡಿ ಹಂಚುತ್ತಿದ್ದರು. ಹನ್ನೊಂದನೇ ಅಧ್ಯಾಯದಲ್ಲಿ ಬರಗಾಲ ಬಂದಾಗ ಶಿಷ್ಯರು ತಮ್ಮ ತಮ್ಮ ಶಕ್ತಿಗೆ ತಕ್ಕಂತೆ ನೆರವು ಕಳಿಸಿದರು ಅಂತಿದೆ. ಘೋಷಣೆಯ ಎರಡೂ ತುಂಡು ಅಲ್ಲೇ ಇವೆ, ಬೇರೆ ಬೇರೆ ಪುಟದಲ್ಲಿ.

ಎರಡನ್ನೂ ಸೇರಿಸಿ ಹೊಲಿದವರು ಫ್ರಾನ್ಸಿನವರು. 1830ರ ಹೊತ್ತಿಗೆ ಪ್ಯಾರಿಸ್ಸಿನಲ್ಲಿ ಸೇಂಟ್ ಸೈಮನ್ ಅನ್ನುವವನ ಶಿಷ್ಯರ ಗುಂಪು ‘ಪ್ರತಿಯೊಬ್ಬನಿಗೆ ಅವನ ಸಾಮರ್ಥ್ಯಕ್ಕೆ ತಕ್ಕಂತೆ, ಪ್ರತಿ ಸಾಮರ್ಥ್ಯಕ್ಕೆ ಅದರ ಕೆಲಸಕ್ಕೆ ತಕ್ಕಂತೆ’ ಅಂತ ತಮ್ಮ ಪತ್ರಿಕೆಯ ನೆತ್ತಿಯ ಮೇಲೆ ಹಾಕುತ್ತಿತ್ತು. ಅಂದರೆ ಜಾಣನಿಗೆ ಜಾಸ್ತಿ, ದಡ್ಡನಿಗೆ ಕಮ್ಮಿ. ಇದು ಸರಿಯಲ್ಲ ಅಂತ ಜಗಳ ತೆಗೆದವರಲ್ಲಿ ಎತಿಯೆನ್ ಕಾಬೆ ಒಬ್ಬ. ಅವನು ‘ಇಕಾರಿಯಾ’ ಅನ್ನುವ ಕಲ್ಪನೆಯ ಊರಿನ ಬಗ್ಗೆ ಒಂದು ಪುಸ್ತಕ ಬರೆದ. ಅದರ 1845ರ ಮುದ್ರಣದ ಮೊದಲ ಪುಟ ನೋಡಿದರೆ ಅದೇ ಒಂದು ಪೋಸ್ಟರ್ ಥರ ಇದೆ: ಮೊದಲ ಹಕ್ಕು ಬದುಕುವುದು, ಮೊದಲ ಕರ್ತವ್ಯ ದುಡಿಯುವುದು, ಪ್ರತಿಯೊಬ್ಬನಿಗೆ ಅಗತ್ಯಕ್ಕೆ ತಕ್ಕಂತೆ, ಪ್ರತಿಯೊಬ್ಬನಿಂದ ಬಲಕ್ಕೆ ತಕ್ಕಂತೆ. ಲೂಯಿ ಬ್ಲಾಂಕ್ ಅನ್ನುವ ಇನ್ನೊಬ್ಬ ಫ್ರೆಂಚ್ ಸಮಾಜವಾದಿಯೂ ಇದನ್ನೇ ಹೇಳುತ್ತಿದ್ದ. ತಮಾಷೆ ಏನು ಗೊತ್ತಾ, ಕಾಬೆ ಸುಮ್ನೆ ಬರೆದು ಕೂರಲಿಲ್ಲ. 1848ರಲ್ಲಿ ಅವನ ಹಿಂಬಾಲಕರು ಹಡಗು ಹತ್ತಿ ಅಮೆರಿಕದ ಟೆಕ್ಸಸ್‌ಗೆ ಹೋದರು. ಅಲ್ಲಿ ಜ್ವರ ಬಿದ್ದು ಸತ್ತವರು ಸತ್ತು, ಉಳಿದವರು ಇಲಿನಾಯ್‌ನ ನಾವೂ ಅನ್ನುವ ಊರಿನಲ್ಲಿ ಒಟ್ಟು ಅಡುಗೆಮನೆ, ಒಟ್ಟು ದುಡಿಮೆ ಅಂತ ನೆಲೆಸಿದರು. ಅವರಿಂದ ಒಡೆದು ಹೋದ ಒಂದು ಗುಂಪು ಅಯೋವಾದಲ್ಲಿ 1898ರವರೆಗೂ ಬದುಕಿತ್ತು. ಅಂದರೆ 1987ರ ಅಮೆರಿಕನ್ನರು ‘ಇದು ನಮ್ಮದೇ’ ಅಂದಿದ್ದು ಪೂರ್ತಿ ಸುಳ್ಳಲ್ಲ. ಸಂವಿಧಾನದಲ್ಲಿ ಇಲ್ಲದಿದ್ದರೂ ಆ ಮಾತು ಅವರ ನೆಲದಲ್ಲಿ ಐವತ್ತು ವರ್ಷ ಉಂಡು ಮಲಗಿತ್ತು.

ಈಗ ಮಾರ್ಕ್ಸ್‌ಗೆ ಬರೋಣ. 1875ರಲ್ಲಿ ಜರ್ಮನಿಯ ಎರಡು ಕಾರ್ಮಿಕ ಪಕ್ಷಗಳು ಗೋಥಾ ಅನ್ನುವ ಊರಿನಲ್ಲಿ ಒಂದಾಗಲು ಹೊರಟವು. ಅವರ ಕರಡು ಕಾರ್ಯಕ್ರಮ ಲಂಡನ್ನಿನಲ್ಲಿದ್ದ ಮಾರ್ಕ್ಸ್ ಕೈಗೆ ಸಿಕ್ಕಿತು. ಆರೋಗ್ಯ ಸರಿಯಿಲ್ಲ, ಮೈತುಂಬಾ ಕೆಲಸ, ಆದರೂ ಕೂತು ಒಂದೊಂದೇ ಸಾಲು ಎತ್ತಿ ತರಾಟೆಗೆ ತಗೊಂಡ. ‘ಸಮಾನ ಹಕ್ಕು’, ‘ದುಡಿಮೆಯ ಪೂರ್ತಿ ಫಲ’ ಅಂತ ಅವರು ಬರೆದಿದ್ದರು. ಇವೆಲ್ಲ ಸವೆದು ಹೋದ ಪೊಳ್ಳು ಮಾತು, ಅರ್ಥವೇನು ಮೊದಲು ಹೇಳಿ ಅನ್ನುವುದು ಅವನ ತಕರಾರು. ಇಬ್ಬರಿಗೂ ಒಂದೇ ಕೂಲಿ ಅಂದಿರಿ. ಒಬ್ಬನಿಗೆ ನಾಲ್ಕು ಮಕ್ಕಳು, ಇನ್ನೊಬ್ಬನಿಗೆ ಮದುವೆಯೇ ಆಗಿಲ್ಲ. ಇದೆಂಥ ಸಮಾನತೆ? ಹೀಗೆ ಕೇಳುತ್ತಾ ಹೋಗಿ, ಮುಂದೆ ಎಂದೋ ಒಂದು ದಿನ, ದುಡಿಮೆ ಬರೀ ಹೊಟ್ಟೆಪಾಡಾಗಿರದ ಕಾಲ ಬಂದಾಗ, ಸಂಪತ್ತು ಧಾರಾಳವಾಗಿ ಹರಿಯುವಾಗ, ಆಗ ಮಾತ್ರ ಸಮಾಜ ತನ್ನ ಬಾವುಟದ ಮೇಲೆ ಆ ಸಾಲು ಬರೆದುಕೊಳ್ಳಬಹುದು ಅಂತಾನೆ. ಹಳೇ ಮಾತು, ಎಲ್ಲರಿಗೂ ಗೊತ್ತಿದ್ದ ಮಾತು, ಅದನ್ನು ‘ಇವತ್ತಲ್ಲ’ ಅನ್ನುವ ಷರತ್ತಿನ ಜೊತೆ ಎತ್ತಿಕೊಂಡ. ಅದು ಪ್ರಕಟಣೆಗೆ ಬರೆದದ್ದೂ ಅಲ್ಲ. ಅವನು ಸತ್ತು ಎಂಟು ವರ್ಷದ ಮೇಲೆ, 1891ರಲ್ಲಿ, ಅವನ ಗೆಳೆಯ, ಜೊತೆ ಲೇಖಕ ಎಂಗೆಲ್ಸ್ ಅಚ್ಚು ಹಾಕಿಸಿದ. ಘೋಷಣೆ ಕಂಡರೆ ಸಿಡುಕಿದವನ ಹೆಸರಿಗೇ ಈ ಘೋಷಣೆ ಅಂಟಿಕೊಂಡಿತು, ಷರತ್ತು ಮಾತ್ರ ಉದುರಿ ಹೋಯಿತು.

ಪ್ರಶ್ನೆ: ‘ದುಡಿಯದವನಿಗೆ ಊಟವಿಲ್ಲ’ ಇದು ಲೆನಿನ್ ಮಾತಲ್ವಾ? ನಮ್ಮ ಊರಿನ ಸಾಹುಕಾರರೊಬ್ಬರು ಕೂಲಿಯವರಿಗೆ ಇದನ್ನೇ ಹೇಳುತ್ತಾರೆ!
(ಬೆಳಗಾವಿ ಜಿಲ್ಲೆಯ ಓದುಗರು)

ಉತ್ತರ: ಸಾಹುಕಾರರು ಲೆನಿನ್ನನ್ನು ಓದಿರಲಾರರು. ಇದು ಸಂತ ಪೌಲ ಥೆಸಲೊನೀಕದವರಿಗೆ ಬರೆದ ಎರಡನೇ ಪತ್ರದ್ದು. ಕೆಲಸ ಮಾಡಲು ಮನಸ್ಸಿಲ್ಲದವನು ಊಟವನ್ನೂ ಮಾಡಬಾರದು ಅಂತಿದೆ ಅಲ್ಲಿ. ಪೌಲ ಗುಡಾರ ಹೊಲಿಯುವ ಕಸುಬಿನವನು, ಹೇಳುವ ಹಕ್ಕು ಅವನಿಗಿತ್ತು. ಲೆನಿನ್ ಇದನ್ನು ಎತ್ತಿಕೊಂಡ. 1918ರ ರಷ್ಯಾದ ಸಂವಿಧಾನಕ್ಕೆ ಸೇರಿತು, 1936ರ ಸ್ಟಾಲಿನ್ ಕಾಲದ ಸಂವಿಧಾನದ 12ನೇ ವಿಧಿಯಲ್ಲೂ ಉಳಿಯಿತು. ಲೆನಿನ್ ಅದನ್ನು ಯಾರಿಗೆ ಹೇಳಿದ್ದ ಅನ್ನುವುದು ಮುಖ್ಯ. ದುಡಿಯದೆ ಬಾಡಿಗೆ, ಬಡ್ಡಿ, ಗೇಣಿಯಲ್ಲಿ ಕೂತು ತಿನ್ನುವವರಿಗೆ. ನಿಮ್ಮ ಸಾಹುಕಾರರು ಅದನ್ನು ಉಲ್ಟಾ ತಿರುಗಿಸಿ ಹಿಡಿದಿದ್ದಾರೆ.

ಅದೇ 12ನೇ ವಿಧಿಯಲ್ಲಿ ಇನ್ನೊಂದು ಕೈಚಳಕವೂ ಇದೆ. ‘ಪ್ರತಿಯೊಬ್ಬರಿಂದ ಶಕ್ತಿಗೆ ತಕ್ಕಂತೆ, ಪ್ರತಿಯೊಬ್ಬರಿಗೆ ಕೆಲಸಕ್ಕೆ ತಕ್ಕಂತೆ.’ ಅಗತ್ಯ ಹೋಗಿ ಕೆಲಸ ಬಂತು. ಮಾರ್ಕ್ಸ್ ಹೇಳಿದ ಮೊದಲ ಹಂತ ಇದೇ ಅಂತ ಅವರ ಸಮಜಾಯಿಷಿ. ಸರಿ, ಆದರೆ ಎರಡನೇ ಹಂತ ಬರಲೇ ಇಲ್ಲ.

ಪ್ರಶ್ನೆ: ಮಾರ್ಕ್ಸ್‌ಗಿಂತ 700 ವರ್ಷ ಮೊದಲೇ ನಮ್ಮ ಶರಣರು ಇದನ್ನೆಲ್ಲ ಹೇಳಿದ್ದಾರೆ. ಅದನ್ನು ಯಾಕೆ ಯಾರೂ ಬರೆಯುವುದಿಲ್ಲ?
(ಬಸವಕಲ್ಯಾಣದ ಓದುಗರು)

ಉತ್ತರ: ಬರೆಯುತ್ತಾರೆ, ಜಾಸ್ತಿಯೇ ಬರೆಯುತ್ತಾರೆ. ಆಯ್ದಕ್ಕಿ ಲಕ್ಕಮ್ಮನ ಕಥೆ ನಿಮಗೆ ಗೊತ್ತಿದ್ದದ್ದೇ. ಗಂಡ ಮಾರಯ್ಯ ದಿನಾ ತರುವುದಕ್ಕಿಂತ ಜಾಸ್ತಿ ಅಕ್ಕಿ ಆಯ್ದು ತಂದಾಗ, ಇಷ್ಟು ಅಕ್ಕಿಯ ಆಸೆ ನಿಮಗೇಕೆ, ಆಸೆ ಅನ್ನುವುದು ಅರಸರಿಗೆ ಇರುವುದು ಅಂತ ಗದರಿ, ಜಾಸ್ತಿ ಬಂದದ್ದನ್ನು ಎಲ್ಲಿಂದ ತಂದರೋ ಅಲ್ಲಿಗೇ ವಾಪಸ್ ಕಳಿಸಿದವಳು. ಅಗತ್ಯಕ್ಕೆ ತಕ್ಕಷ್ಟೇ ಅನ್ನುವುದನ್ನು ಇದಕ್ಕಿಂತ ನೇರವಾಗಿ ಯಾರು ಹೇಳಿದ್ದಾರೆ? ಆದರೆ ಶರಣರಿಂದಲೇ ಇದು ಮಾರ್ಕ್ಸ್‌ಗೆ ಹೋಯಿತು ಅನ್ನುವುದಕ್ಕೆ ದಾರಿಯೇ ಇಲ್ಲ. ಲಕ್ಕಮ್ಮ ಕಳಿಸಿದ್ದು ಶಿವನಿಗೆ ಒಪ್ಪುವುದಿಲ್ಲ ಅಂತ. ಮಾರ್ಕ್ಸ್ ಕಾಯುತ್ತಿದ್ದದ್ದು ಸಂಪತ್ತು ಹೊಳೆಯಾಗಿ ಹರಿಯಲಿ ಅಂತ. ಒಬ್ಬರು ಬೇಡಿಕೆ ಕಮ್ಮಿ ಮಾಡಿಕೊಳ್ಳಿ ಅಂದರು, ಇನ್ನೊಬ್ಬ ಉತ್ಪಾದನೆ ಜಾಸ್ತಿ ಮಾಡಿ ಅಂದ. ಎರಡನ್ನೂ ಒಂದೇ ಅಂದರೆ ಇಬ್ಬರಿಗೂ ಅನ್ಯಾಯ.

ಪ್ರಶ್ನೆ: ‘ಪ್ರಪಂಚದ ಕಾರ್ಮಿಕರೇ, ಒಂದಾಗಿ’. ಇದಾದರೂ ಮಾರ್ಕ್ಸ್‌ದೇ ತಾನೇ? ನಮ್ಮ ತಂದೆ ಇಲ್ಲಿನ ಹತ್ತಿ ಗಿರಣಿಯಲ್ಲಿದ್ದಾಗ ಗೇಟಿನಲ್ಲಿ ಕೂಗಿದ್ದು ನೆನಪಿದೆ.
(ದಾವಣಗೆರೆಯ ಓದುಗರು)

ಉತ್ತರ: ಇದರಲ್ಲೂ ಸ್ವಲ್ಪ ಪಾಲುದಾರಿಕೆ ಇದೆ. ‘ಕಮ್ಯುನಿಸ್ಟ್ ಪ್ರಣಾಳಿಕೆ’ ಬಂದದ್ದು 1848ರ ಫೆಬ್ರವರಿಯಲ್ಲಿ, ಕೊನೆಯ ಸಾಲು ಇದೇ. ಆದರೆ ಅದಕ್ಕೆ ಐದು ತಿಂಗಳು ಮೊದಲೇ, 1847ರ ಸೆಪ್ಟೆಂಬರಿನಲ್ಲಿ, ಲಂಡನ್ನಿನಲ್ಲಿದ್ದ ಜರ್ಮನ್ ಕೆಲಸಗಾರರ ಗುಂಪು ಒಂದು ಪತ್ರಿಕೆಯ ಮಾದರಿ ಸಂಚಿಕೆ ತಂದಿತು. ಕಾರ್ಲ್ ಶಾಪ್ಪರ್ ಅದರ ಮುಂದಾಳು. ಆ ಸಂಚಿಕೆಯ ಹಣೆಯ ಮೇಲೆ ಈ ಘೋಷಣೆ ಅಚ್ಚಾಗಿದೆ. ಪತ್ರಿಕೆ ಆ ಒಂದೇ ಸಂಚಿಕೆಗೆ ನಿಂತಿತು. ಅದಕ್ಕೂ ಮೊದಲು ಆ ಗುಂಪಿನ ಘೋಷಣೆ ‘ಎಲ್ಲ ಮನುಷ್ಯರೂ ಅಣ್ಣತಮ್ಮಂದಿರು’ ಅಂತಿತ್ತು. 1847ರ ಬೇಸಿಗೆಯ ಸಭೆಯಲ್ಲಿ ಗುಂಪಿನ ಹೆಸರು ಬದಲಾಯಿತು, ಹಳೇ ಘೋಷಣೆಯೂ ಹೋಯಿತು. ಗಿರಣಿ ಮಾಲೀಕನೂ ಅಣ್ಣತಮ್ಮನೇ ಆದರೆ ಮುಷ್ಕರ ಯಾರ ವಿರುದ್ಧ ಮಾಡುವುದು?

ಇನ್ನೂ ಹಿಂದಕ್ಕೆ ಹೋದರೆ ಒಬ್ಬ ಹೆಂಗಸು ಸಿಗುತ್ತಾಳೆ. ಫ್ಲೋರಾ ಟ್ರಿಸ್ಟನ್, ಪ್ಯಾರಿಸ್ಸಿನವಳು. 1843ರಲ್ಲಿ ಕಾರ್ಮಿಕರ ಒಕ್ಕೂಟದ ಬಗ್ಗೆ ಒಂದು ಪುಟ್ಟ ಪುಸ್ತಕ ಬರೆದಳು. ಗಂಡಸರು, ಹೆಂಗಸರು, ಎಲ್ಲ ಕಸುಬಿನವರೂ ವರ್ಷಕ್ಕೆ ಇಷ್ಟು ಅಂತ ಚಂದಾ ಹಾಕಿ ಒಂದೇ ಸಂಘ ಕಟ್ಟಬೇಕು ಅಂತ. ಬರೆದು ಸುಮ್ನಿರದೆ ಊರಿಂದ ಊರಿಗೆ ಅಲೆದು ಸಭೆ ಮಾಡಿದಳು, ಆ ಅಲೆದಾಟದಲ್ಲೇ 1844ರಲ್ಲಿ ಬೋರ್ಡೋದಲ್ಲಿ ತೀರಿಕೊಂಡಳು. ಚಿತ್ರಕಾರ ಪಾಲ್ ಗೋಗ್ಯಾನ್ ಅವಳ ಮಗಳ ಮಗ. ಅವಳ ಹೆಸರು ಎಷ್ಟು ಗೇಟುಗಳಲ್ಲಿ ಕೇಳಿಬಂದಿದೆ? ಮಾರ್ಕ್ಸ್ ತೀರಿಕೊಂಡಾಗ ಮಣ್ಣಿಗೆ ಬಂದವರೂ ಹನ್ನೊಂದು ಜನರ ಆಸುಪಾಸು ಅಷ್ಟೇ ಅನ್ನಿ. ಹೈಗೇಟ್ ಸ್ಮಶಾನದಲ್ಲಿ ಈಗ ಇರುವ ದೊಡ್ಡ ತಲೆಯ ಸ್ಮಾರಕ 1956ರದ್ದು. ಅದರ ಮೇಲೆ ಚಿನ್ನದ ಬಣ್ಣದಲ್ಲಿ ಕೆತ್ತಿರುವುದು ನಿಮ್ಮ ತಂದೆ ಕೂಗಿದ ಇದೇ ಸಾಲು.

ಪ್ರಶ್ನೆ: ಧರ್ಮವನ್ನು ಅಫೀಮು ಅಂದವನ ಮಾತನ್ನು ನಾವು ಯಾಕೆ ಕೇಳಬೇಕು?
(ಉಡುಪಿಯ ಓದುಗರು)

ಉತ್ತರ: ಕೇಳಲೇಬೇಕು ಅಂತ ಯಾರೂ ಹೇಳಿಲ್ಲ. ಬೈಯುವ ಮೊದಲು ಆ ಸಾಲಿನ ಹಿಂದುಮುಂದು ಓದಿ ಅಷ್ಟೆ. 1844ರಲ್ಲಿ ಅಚ್ಚಾದ ಆ ಬರಹದಲ್ಲಿ, ಧರ್ಮ ಅಂದರೆ ತುಳಿತಕ್ಕೆ ಸಿಕ್ಕ ಜೀವದ ನಿಟ್ಟುಸಿರು, ಹೃದಯವಿಲ್ಲದ ಲೋಕದ ಹೃದಯ ಅಂತ ಹೇಳಿ, ಆಮೇಲೆ ಅಫೀಮಿಗೆ ಬರುತ್ತಾನೆ. ಆಗಿನ ಯುರೋಪಿನಲ್ಲಿ ಅಫೀಮು ಔಷಧಿ ಅಂಗಡಿಯಲ್ಲಿ ಸಿಗುತ್ತಿತ್ತು, ಹಲ್ಲುನೋವಿಗೂ ಅದೇ, ಅಳುವ ಮಗುವಿಗೂ ಅದೇ. ನೋವು ಕಮ್ಮಿ ಮಾಡುತ್ತದೆ, ರೋಗ ವಾಸಿ ಮಾಡುವುದಿಲ್ಲ ಅನ್ನುವುದು ತಾತ್ಪರ್ಯ. ಧರ್ಮಕ್ಕೆ ಅವನ ವಿರೋಧ ಇದ್ದದ್ದು ಹೌದು, ಅದನ್ನು ಮೃದು ಮಾಡಿ ಹೇಳುವ ಅಗತ್ಯವಿಲ್ಲ. ಹೋಲಿಕೆಯೂ ಅವನದೇನಲ್ಲ, ಅವನ ಗೆಳೆಯ, ಕವಿ ಹೈನ್ 1840ರಲ್ಲೇ ಬಳಸಿದ್ದ. 1848ರಲ್ಲಿ ಇಂಗ್ಲೆಂಡಿನ ಪಾದ್ರಿ ಚಾರ್ಲ್ಸ್ ಕಿಂಗ್ಸ್ಲಿ, ಬೈಬಲ್ಲನ್ನು ನಾವು ಬಡವರಿಗೆ ಅಫೀಮಿನ ಗುಟುಕಿನಂತೆ ಕುಡಿಸಿದ್ದೇವೆ ಅಂತ ಬರೆದ. ಪಾದ್ರಿಯೇ ಹೇಳಿದರೆ ಆತ್ಮವಿಮರ್ಶೆ, ಮಾರ್ಕ್ಸ್ ಹೇಳಿದರೆ ನಿಂದನೆ!

ಪ್ರಶ್ನೆ: ‘ಇಂಕ್ವಿಲಾಬ್ ಜಿಂದಾಬಾದ್’ ಅನ್ನು ಈಗ ಎಲ್ಲ ಪಕ್ಷದವರೂ ಕೂಗುತ್ತಾರೆ. ಇದು ಕಮ್ಯುನಿಸ್ಟರದಾ, ಭಗತ್ ಸಿಂಗ್‌ದಾ?
(ಕಲಬುರಗಿಯ ಓದುಗರು)

ಉತ್ತರ: ಕಟ್ಟಿದವರು ಮೌಲಾನಾ ಹಸ್ರತ್ ಮೊಹಾನಿ, 1921ರಲ್ಲಿ. ಈ ಮನುಷ್ಯನನ್ನು ಯಾವ ಪೆಟ್ಟಿಗೆಯಲ್ಲಿ ಇಡಬೇಕೋ ತಿಳಿಯುವುದಿಲ್ಲ. ಪ್ರೇಮದ ಗಜಲ್ ಬರೆದ ಉರ್ದು ಕವಿ. ಹಲವು ಸಲ ಹಜ್‌ಗೆ ಹೋದವರು, ಕೃಷ್ಣನ ಮೇಲೂ ಕವಿತೆ ಬರೆದವರು. ಅದೇ 1921ರ ಅಹಮದಾಬಾದ್ ಕಾಂಗ್ರೆಸ್ ಅಧಿವೇಶನದಲ್ಲಿ ಪೂರ್ಣ ಸ್ವಾತಂತ್ರ್ಯ ಬೇಕು ಅಂದರು, ಗಾಂಧೀಜಿ ಈಗಲೇ ಬೇಡ ಅಂದರು. 1925ರ ಕಾನ್ಪುರದ ಕಮ್ಯುನಿಸ್ಟ್ ಸಮ್ಮೇಳನಕ್ಕೆ ಸ್ವಾಗತ ಸಮಿತಿಯ ಅಧ್ಯಕ್ಷರೂ ಇವರೇ. ಆಮೇಲೆ ಸಂವಿಧಾನ ಸಭೆಯಲ್ಲೂ ಕೂತರು.

ಮನೆಮನೆಗೆ ಮುಟ್ಟಿಸಿದ್ದು ಮಾತ್ರ ಭಗತ್ ಸಿಂಗ್ ಮತ್ತು ಬಟುಕೇಶ್ವರ ದತ್. 1929ರ ಏಪ್ರಿಲ್ 8ರಂದು ದಿಲ್ಲಿಯ ಕೇಂದ್ರ ಶಾಸನಸಭೆಯಲ್ಲಿ ಬಾಂಬ್ ಎಸೆದು, ಓಡಿ ಹೋಗದೆ ನಿಂತು ಕೂಗಿದ್ದು ಇದನ್ನೇ. ಆಗ ಅವರು ಎಸೆದ ಕರಪತ್ರ ‘ಕಿವುಡರಿಗೆ ಕೇಳಿಸಬೇಕಾದರೆ ದೊಡ್ಡ ಸದ್ದೇ ಬೇಕು’ ಅಂತ ಶುರುವಾಗುತ್ತದೆ. ಅದು ಫ್ರಾನ್ಸಿನ ಅರಾಜಕತಾವಾದಿ ವೈಯಾನ ಮಾತು, ಅವನೂ 1893ರಲ್ಲಿ ಪ್ಯಾರಿಸ್ಸಿನ ಸಂಸತ್ತಿನಲ್ಲಿ ಬಾಂಬ್ ಎಸೆದವನು. ಕರಪತ್ರದಲ್ಲೇ ಆ ಋಣ ಒಪ್ಪಿಕೊಂಡಿದ್ದಾರೆ.

ಇದರ ಅರ್ಥವೇನು ಅಂತ ಆಗಲೇ ಜಗಳ ಆಯಿತು. ‘ಮಾಡರ್ನ್ ರಿವ್ಯೂ’ ಸಂಪಾದಕ ರಾಮಾನಂದ ಚಟರ್ಜಿ, ಕ್ರಾಂತಿ ಚಿರಾಯುವಾಗಲಿ ಅಂದರೆ ರಕ್ತಪಾತ ಯಾವಾಗಲೂ ನಡೆಯುತ್ತಿರಲಿ ಅಂತಲೇ ಅಂತ ಕುಟುಕಿದರು. ಜೈಲಿನಿಂದಲೇ ಉತ್ತರ ಹೋಯಿತು, 1929ರ ಡಿಸೆಂಬರ್ 24ರ ‘ಟ್ರಿಬ್ಯೂನ್’ನಲ್ಲಿ ಬಂತು. ನಾವು ಹರಸುತ್ತಿರುವುದು ಬದಲಾಗಬೇಕು ಅನ್ನುವ ಹಂಬಲವನ್ನು, ಆ ಹಂಬಲ ಸತ್ತರೆ ಸಮಾಜ ಜಡ್ಡುಗಟ್ಟುತ್ತದೆ ಅಂತ ಅದರ ಸಾರ. ಇವತ್ತು ಬಸ್ ಪಾಸ್ ದರ ಏರಿದರೂ ಇದೇ ಕೂಗು, ಟಿಕೆಟ್ ಸಿಗದ ಅಭ್ಯರ್ಥಿಯ ಬೆಂಬಲಿಗರದ್ದೂ ಇದೇ ಕೂಗು. ಒಬ್ಬ ‘ಇಂಕ್ವಿಲಾಬ್’ ಅಂದರೆ ಸಾವಿರ ಬಾಯಿ ತಾನಾಗಿಯೇ ‘ಜಿಂದಾಬಾದ್’ ಅನ್ನುತ್ತದೆ. ಅದರಲ್ಲಿ ಎಷ್ಟು ಜನ ಕ್ರಾಂತಿಗೆ ತಯಾರಿದ್ದಾರೆ ಅಂತ ಎಣಿಸಲು ಹೋಗಬೇಡಿ.

ಪ್ರಶ್ನೆ: ‘ಉಳುವವನೇ ಹೊಲದೊಡೆಯ’ ಕೂಡ ಮಾರ್ಕ್ಸ್‌ವಾದಿಗಳದೇ? ಕಾಗೋಡು ಸತ್ಯಾಗ್ರಹದವರು ಸಮಾಜವಾದಿಗಳಲ್ವಾ?
(ಸಾಗರ ತಾಲ್ಲೂಕಿನ ಓದುಗರು)

ಉತ್ತರ: ಹೌದು, ನಿಮ್ಮೂರಿನದು ಸಮಾಜವಾದಿಗಳ ಹೋರಾಟ. ಕಾಗೋಡಿನ ಜಗಳ ಶುರುವಾದದ್ದು ಪುಸ್ತಕದಿಂದಲ್ಲ, ಕೊಳಗದಿಂದ. ಗೇಣಿ ಭತ್ತ ಅಳೆಯಲು ಒಡೆಯರು ತರುತ್ತಿದ್ದ ಕೊಳಗ ದೊಡ್ಡದು, ಅಳತೆಗೆ ಸರಿಯಾದ ಕೊಳಗ ಚಿಕ್ಕದು. ಕಣದಲ್ಲಿ ಒಂದೊಂದು ಕೊಳಗ ಸುರಿದಾಗಲೂ ದೀವರ ಗೇಣಿದಾರರ ಮನೆಯ ಒಂದಿಷ್ಟು ಅಕ್ಕಿ ಹೋಗುತ್ತಿತ್ತು. ಎಚ್. ಗಣಪತಿಯಪ್ಪ ರೈತರನ್ನು ಕೂಡಿಸಿದರು, ಶಾಂತವೇರಿ ಗೋಪಾಲಗೌಡರು ಜೊತೆಯಾದರು, 1951ರ ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಲೋಹಿಯಾ ಮಾರ್ಕ್ಸ್‌ನನ್ನು ಅರೆದು ಕುಡಿದವರು, ಕಮ್ಯುನಿಸ್ಟರ ಜೊತೆ ಮಾತ್ರ ಎಣ್ಣೆ ಸೀಗೆಕಾಯಿ.

ಆದರೆ ಈ ಘೋಷಣೆ ಕಮ್ಯುನಿಸ್ಟರ ಕೈ ತಪ್ಪಿ ಬಹಳ ದೂರ ಹೋಗಿದೆ. ಚೀನಾದಲ್ಲಿ 1924ರಲ್ಲೇ ಸನ್ ಯಾತ್‌ಸೆನ್ ಇದನ್ನು ಹೇಳಿದ್ದರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಜಪಾನಿನಲ್ಲಿ ಭೂಮಾಲೀಕರ ಜಮೀನು ತೆಗೆದು ಗೇಣಿದಾರರಿಗೆ ಕೊಡಿಸಿದ್ದು ಯಾರು? ಅಮೆರಿಕದ ಸೇನಾಪತಿ ಮೆಕಾರ್ಥರ್‌ನ ಆಡಳಿತ. ಕಮ್ಯುನಿಸ್ಟರಿಗೆ ಸೋತು ತೈವಾನಿಗೆ ಓಡಿದ ಚಿಯಾಂಗ್ ಕೈ ಶೆಕ್ ಸರ್ಕಾರ 1953ರಲ್ಲಿ ಇದೇ ಹೆಸರಿನ ಕಾನೂನು ಮಾಡಿತು. ಕಮ್ಯುನಿಸ್ಟರು ಬಾರದಿರಲಿ ಅಂತಲೇ ಅವರ ಬೇಡಿಕೆ ಈಡೇರಿಸಿದರು! ನಮ್ಮಲ್ಲೂ 1974ರಲ್ಲಿ ಅದನ್ನು ಕಾನೂನಾಗಿ ಗಟ್ಟಿ ಮಾಡಿದ್ದು ದೇವರಾಜ ಅರಸರ ಕಾಂಗ್ರೆಸ್ ಸರ್ಕಾರ. ಅವತ್ತು ಗೇಣಿ ಜಮೀನಿನ ಹಕ್ಕು ಕೇಳುವ ಏಳನೇ ನಂಬರ್ ಫಾರಂ ತುಂಬಿ ಭೂನ್ಯಾಯ ಟ್ರಿಬ್ಯೂನಲ್ ಮುಂದೆ ಡಿಕ್ಲರೇಷನ್ ಹಾಕಿ ನಿಂತವರಲ್ಲಿ ಎಷ್ಟೋ ಜನ ಮಾರ್ಕ್ಸ್ ಹೆಸರೂ ಕೇಳಿರಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ. ಗೋಪಾಲಗೌಡರು ಅದನ್ನು ನೋಡಲಿಲ್ಲ, 1972ರಲ್ಲೇ ತೀರಿಕೊಂಡಿದ್ದರು.

ಪ್ರಶ್ನೆ: ‘ಎಂಟು ಗಂಟೆ ಕೆಲಸ, ಎಂಟು ಗಂಟೆ ವಿರಾಮ, ಎಂಟು ಗಂಟೆ ನಿದ್ದೆ’ ಯಾರದು? ನಮ್ಮ ಮ್ಯಾನೇಜರ್‌ಗೆ ಕಳಿಸಬೇಕು.
(ಬೆಂಗಳೂರಿನ ಐಟಿ ಉದ್ಯೋಗಿ)

ಉತ್ತರ: ಕಳಿಸಿ, ಕಾರ್ಖಾನೆ ಮಾಲೀಕನದೇ ಮಾತು ಅಂತ ಸೇರಿಸಿ ಕಳಿಸಿ. 1817ರ ಸುಮಾರಿಗೆ ಇದನ್ನು ಹೇಳಿದವನು ರಾಬರ್ಟ್ ಓವನ್, ಸ್ಕಾಟ್ಲೆಂಡಿನ ನ್ಯೂ ಲಾನಾರ್ಕ್‌ನಲ್ಲಿ ಹತ್ತಿ ಗಿರಣಿ ನಡೆಸುತ್ತಿದ್ದವನು. ಮಾರ್ಕ್ಸ್ ಹುಟ್ಟಿದ್ದೇ ಮರುವರ್ಷ. 1856ರಲ್ಲಿ ಮೆಲ್ಬರ್ನಿನ ಕಲ್ಲುಕುಟಿಗರು ಕೆಲಸ ಬಿಟ್ಟು ಮೆರವಣಿಗೆ ಹೋಗಿ ಎಂಟು ಗಂಟೆ ಗಿಟ್ಟಿಸಿದರು. 1886ರಲ್ಲಿ ಇದೇ ಬೇಡಿಕೆಗೆ ಷಿಕಾಗೋದಲ್ಲಿ ರಕ್ತ ಹರಿಯಿತು, ಮೇ ದಿನ ಬಂದದ್ದು ಅದರಿಂದ. ನಮ್ಮ ದೇಶದಲ್ಲಿ ಮೊದಲ ಮೇ ದಿನ 1923ರಲ್ಲಿ, ಮದ್ರಾಸಿನಲ್ಲಿ, ಸಿಂಗಾರವೇಲು ಚೆಟ್ಟಿಯಾರ್ ನಡೆಸಿದ್ದು. 2024ರಲ್ಲಿ ಕರ್ನಾಟಕದಲ್ಲಿ ಐಟಿಯವರಿಗೆ ದಿನಕ್ಕೆ 14 ಗಂಟೆ ಅನ್ನುವ ಪ್ರಸ್ತಾವ ಬಂದಾಗ ಯೂನಿಯನ್ ಅಂದರೆ ಮೂಗು ಮುರಿಯುತ್ತಿದ್ದವರೂ ಓವನ್‌ನ ಲೆಕ್ಕವನ್ನೇ ಹಿಡಿದು ಕೂತರು.

ಪ್ರಶ್ನೆ: ‘20ರಲ್ಲಿ ಸಮಾಜವಾದಿಯಾಗದವನಿಗೆ ಹೃದಯವಿಲ್ಲ, 40ರಲ್ಲೂ ಸಮಾಜವಾದಿಯಾಗಿದ್ದರೆ ಬುದ್ಧಿಯಿಲ್ಲ’ ಅಂತ ಚರ್ಚಿಲ್ ಹೇಳಿದ್ದು ನಿಜವೇ?
(ಹುಬ್ಬಳ್ಳಿಯ ಓದುಗರು)

ಉತ್ತರ: ಚರ್ಚಿಲ್ ಹೇಳಿದ್ದಲ್ಲ. 19ನೇ ಶತಮಾನದ ಫ್ರಾನ್ಸಿನಲ್ಲಿ ಗಣರಾಜ್ಯವಾದಿಗಳನ್ನು ಹಂಗಿಸಲು ಇಂಥ ಮಾತು ಆಗಲೇ ಓಡಾಡುತ್ತಿತ್ತು. ಚರ್ಚಿಲ್ 25ಕ್ಕೆ ಕನ್ಸರ್ವೇಟಿವ್ ಸಂಸದ, 30ರ ಹೊತ್ತಿಗೆ ಲಿಬರಲ್, 50ಕ್ಕೆ ಮತ್ತೆ ಕನ್ಸರ್ವೇಟಿವ್. ಆ ಲೆಕ್ಕದಲ್ಲಿ ಅವರ ಹೃದಯ, ಬುದ್ಧಿ ಎಲ್ಲಿದ್ದವು ಅಂತ ನೀವೇ ಕೂಡಿಸಿ.

ಪ್ರಶ್ನೆ: ನಮ್ಮ ಸಂವಿಧಾನದ ಪೀಠಿಕೆಯಿಂದ ‘ಸಮಾಜವಾದಿ’ ತೆಗೆಯಬೇಕು ಅಂತ ಕೆಲವರು ಅಂತಾರೆ. ತೆಗೆದರೆ ಏನಾಗುತ್ತದೆ?
(ಮೈಸೂರಿನ ನಿವೃತ್ತ ನೌಕರರು)

ಉತ್ತರ: ಅದು ಸೇರಿದ್ದು 1976ರಲ್ಲಿ, ತುರ್ತು ಪರಿಸ್ಥಿತಿಯ ಹೊತ್ತಿನ 42ನೇ ತಿದ್ದುಪಡಿಯಲ್ಲಿ. 1948ರಲ್ಲೇ ಸಂವಿಧಾನ ಸಭೆಯ ಸದಸ್ಯ ಕೆ.ಟಿ. ಶಾ ಅದನ್ನು ಸೇರಿಸಿ ಅಂದಾಗ ಅಂಬೇಡ್ಕರ್ ಬೇಡ ಅಂದರು. ಯಾವ ಥರದ ಸಮಾಜ ಬೇಕು ಅಂತ ಮುಂದಿನ ಜನ ತೀರ್ಮಾನಿಸಲಿ, ಆ ಸಾರ ರಾಜ್ಯನೀತಿಯ ನಿರ್ದೇಶಕ ತತ್ವಗಳಲ್ಲಿ ಹೇಗೂ ಇದೆಯಲ್ಲ ಅನ್ನುವುದು ಅವರ ವಾದ. 39ನೇ ವಿಧಿ ತೆಗೆದು ನೋಡಿ, ಸಂಪತ್ತು ಕೆಲವರ ಕೈಯಲ್ಲೇ ಸೇರಬಾರದು ಅಂತ ಇದೆ. ತೆಗೆಯಿರಿ ಅಂತ ಹೋದ ಅರ್ಜಿಗಳನ್ನು 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ವಜಾ ಮಾಡಿತು.

ಜನರಿಗೆ ಹೆಚ್ಚು ಗೊತ್ತಿಲ್ಲದ ಇನ್ನೊಂದು ಜಾಗ ಇದೆ. ಜನತಾ ಪ್ರಾತಿನಿಧ್ಯ ಕಾಯ್ದೆಯ 29ಎ ಕಲಮು. ಅದರ ಪ್ರಕಾರ ಯಾವುದೇ ಪಕ್ಷ ನೋಂದಣಿ ಆಗಬೇಕಾದರೆ ತನ್ನ ನಿಯಮಾವಳಿಯಲ್ಲಿ ಸಮಾಜವಾದಕ್ಕೆ ನಿಷ್ಠೆ ಅಂತ ಬರೆದುಕೊಡಬೇಕು. ಬಂಡವಾಳಶಾಹಿಯೇ ಸರಿ ಅನ್ನುವವರು ಪಕ್ಷ ಕಟ್ಟಲು ಹೊರಟರೂ ಅಷ್ಟೇ, ಸಮಾಜವಾದಕ್ಕೆ ನಿಷ್ಠೆ ಅಂತ ಬರೆದು ಸಹಿ ಹಾಕಿಯೇ ಒಳಗೆ ಬರಬೇಕು.

ಪ್ರಶ್ನೆ: ‘ಆಸ್ತಿ ಅಂದರೆ ಕಳ್ಳತನ’ ಅಂದ ಮಾರ್ಕ್ಸ್‌ಗೆ ಸ್ವಂತ ಮನೆ ಇತ್ತಾ?
(ಹೆಸರು ಬರೆಯದ ಓದುಗರು)

ಉತ್ತರ: ಬಾಡಿಗೆ ಮನೆ, ಅದರ ಬಾಡಿಗೆಗೂ ಎಂಗೆಲ್ಸ್‌ನ ಹಣ. ಆ ಮಾತು ಅವನದಲ್ಲ, 1840ರಲ್ಲಿ ಫ್ರಾನ್ಸಿನ ಪ್ರುಧೋನ್ ಬರೆದದ್ದು. ಮಾರ್ಕ್ಸ್‌ಗೆ ಅದು ಹಿಡಿಸಲೂ ಇಲ್ಲ. ಆಸ್ತಿ ಅಂತ ಒಂದು ಮೊದಲೇ ಇದ್ದರೆ ತಾನೇ ಅದನ್ನು ಕದಿಯಲು ಆಗುವುದು ಅಂತ 1865ರ ಒಂದು ಪತ್ರದಲ್ಲಿ ಕೊಂಕು ತೆಗೆದಿದ್ದಾನೆ.